ಸ್ಟೀರಿಯೋ ಹಾಕಿಸಿದ ಮೇಲೆ ಡ್ಯಾಶ್‌ಬೋರ್ಡ್ ಕತ್ತಲಾಗಿದೆಯೇ? ಹೀಗೆ ಹುಡುಕಿ

'ಹೊಸ ಸ್ಟೀರಿಯೋ ಹಾಕಿಸಿದೆ, ಹಾಡು ಚೆನ್ನಾಗಿ ಬರ್ತಿದೆ, ಆದರೆ ರಾತ್ರಿ ಸ್ಪೀಡೋಮೀಟರ್ ಕಾಣ್ತಾ ಇಲ್ಲ.' ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಸ್ಟೀರಿಯೋ ಜಾಗದಲ್ಲಿ ಕೆಲವರಿಗೆ ರಿವರ್ಸ್ ಕ್ಯಾಮೆರಾ, ಕೆಲವರಿಗೆ ಡ್ಯಾಶ್‌ಕ್ಯಾಮ್, ಇನ್ನು ಕೆಲವರಿಗೆ ಕಾಲಡಿಯ ಬಣ್ಣದ ಲೈಟು. ಉಳಿದದ್ದೆಲ್ಲ ಒಂದೇ.

ಹೆಚ್ಚಿನವರು ನೇರವಾಗಿ ಬಲ್ಬ್ ಬದಲಿಸಲು ಹೊರಡುತ್ತಾರೆ. ಮೀಟರ್ ಬಿಚ್ಚಿ, ಎರಡು ಪ್ಲಾಸ್ಟಿಕ್ ಕ್ಲಿಪ್ ಮುರಿದು, ಹೊಸ ಬಲ್ಬ್ ಹಾಕಿ, ಮತ್ತೆ ಅದೇ ಕತ್ತಲೆ. ಮೀಟರಿನಲ್ಲಿ, ಎಸಿ ಸ್ವಿಚ್ಚಿನಲ್ಲಿ ಇರುವ ಬಲ್ಬ್‌ಗಳೆಲ್ಲ ಮಾತಾಡಿಕೊಂಡಂತೆ ಒಂದೇ ದಿನ ಸಾಯುವುದಿಲ್ಲ. ವೈರಿಂಗ್ ಕೆಲಸ ಆದ ದಿನವೇ ಬೆಳಕು ಹೋಗಿದ್ದರೆ ದೋಷ ಆ ಕೆಲಸ ನಡೆದ ಜಾಗದಲ್ಲೋ, ಆ ಜಾಗಕ್ಕೆ ಕರೆಂಟ್ ಕೊಡುವ ಫ್ಯೂಸಿನಲ್ಲೋ ಇರುತ್ತದೆ. ಯಾವ ಯಾವ ದೀಪ ಒಟ್ಟಿಗೆ ಹೋಗಿದೆ ಎಂದು ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಉಪಕರಣ ಕೈಗೆತ್ತಿಕೊಳ್ಳುವುದು ಆಮೇಲೆ.

ಈ ಲೇಖನ ಮುಖ್ಯವಾಗಿ ಫ್ಯೂಸ್, ಸ್ವಿಚ್ಚು, ವೈರು ಇಷ್ಟರಲ್ಲೇ ಡ್ಯಾಶ್ ಬೆಳಕು ನಡೆಯುವ ಕಾರುಗಳಿಗೆ. ಕಂಪ್ಯೂಟರ್ ಮೂಲಕ ಲೈಟು ಹೊತ್ತಿಸುವ ಹೊಸ ಕಾರುಗಳ ಬಗ್ಗೆ ಕೊನೆಯಲ್ಲಿ ಹೇಳಿದ್ದೇನೆ. ನಿಮ್ಮದು ಅಂಥದ್ದಾದರೆ ಮೊದಲು ಅದನ್ನು ಓದಿ.

ಯಾವ ಬೆಳಕು ಎಲ್ಲಿಂದ ಬರುತ್ತದೆ

ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಬೆಳಕೆಲ್ಲ ಒಂದೇ ಅಲ್ಲ. ಮೂರು ಗುಂಪು ಮಾಡಿಕೊಳ್ಳಿ.

ಮೊದಲನೆಯದು ಎಚ್ಚರಿಕೆ ದೀಪಗಳು: ಆಯಿಲ್, ಬ್ಯಾಟರಿ, ಹ್ಯಾಂಡ್‌ಬ್ರೇಕ್. ಕೀ ತಿರುಗಿಸಿದಾಗ ಹೊತ್ತುತ್ತವೆ. ಇವುಗಳಿಗೆ ಬರುವ ಸಪ್ಲೈ ಬೇರೆ.

ಎರಡನೆಯದು ನಮ್ಮ ಇವತ್ತಿನ ವಿಷಯ, ಇಲ್ಯುಮಿನೇಷನ್. ರಾತ್ರಿ ಪಾರ್ಕಿಂಗ್ ಲೈಟ್ ಹಾಕಿದಾಗ ಮೀಟರಿನ ಅಂಕಿಗಳು, ಎಸಿ ಗುಂಡಿಗಳು, ಹಜಾರ್ಡ್ ಸ್ವಿಚ್ಚು, ಪವರ್ ವಿಂಡೋ ಸ್ವಿಚ್ಚು ಬೆಳಗುತ್ತವಲ್ಲ, ಅದು. ಇದರ ಸಪ್ಲೈ ಬರುವುದು ಪಾರ್ಕಿಂಗ್ ಲೈಟಿನ ಲೈನಿನಿಂದ. ಹಿಂದಿನ ಕೆಂಪು ಟೇಲ್ ಲೈಟ್, ನಂಬರ್ ಪ್ಲೇಟ್ ಲೈಟ್, ಡ್ಯಾಶ್ ಬೆಳಕು ಬಹಳಷ್ಟು ಕಾರುಗಳಲ್ಲಿ ಒಂದೇ ತೂಬಿನಿಂದ ನೀರು ಪಡೆಯುವ ಗದ್ದೆಗಳಿದ್ದಂತೆ. ತೂಬು ಮುಚ್ಚಿದರೆ ಎಲ್ಲವೂ ಒಣಗುತ್ತವೆ.

ಮೂರನೆಯದು ಚಾವಣಿಯ ರೂಮ್ ಲೈಟ್. ಇದಕ್ಕೆ ಬ್ಯಾಟರಿಯಿಂದ ಸದಾ ಕರೆಂಟ್ ಇರುತ್ತದೆ. ಸ್ಟೀರಿಯೋದ ಮೆಮೊರಿ, ಗಡಿಯಾರ, ಕೆಲವು ಕಾರುಗಳಲ್ಲಿ ಸೆಂಟ್ರಲ್ ಲಾಕ್ ಕೂಡ ಇದೇ ಫ್ಯೂಸಿನ ಮೇಲಿರುತ್ತವೆ.

ಇನ್ನು ಸ್ಟೀರಿಯೋ ವೈರುಗಳು. ಅಂಗಡಿಯಲ್ಲಿ ಸಿಗುವ ಸ್ಟೀರಿಯೋಗಳ ಹಿಂದಿನ ಗೊಂಚಲಿನಲ್ಲಿ ಬಣ್ಣದ ಪದ್ಧತಿ ಹೆಚ್ಚುಕಮ್ಮಿ ಒಂದೇ. ಹಳದಿ ಎಂದರೆ ಸದಾ ಇರುವ 12 ವೋಲ್ಟ್. ಕೆಂಪು ಎಂದರೆ ಕೀ ತಿರುಗಿಸಿದಾಗ ಬರುವ 12 ವೋಲ್ಟ್. ಕಪ್ಪು ಎಂದರೆ ಅರ್ತ್, ಅಂದರೆ ಕಾರಿನ ಬಾಡಿ ಮೂಲಕ ಬ್ಯಾಟರಿಯ ಮೈನಸ್ಸಿಗೆ ಹೋಗುವ ದಾರಿ. ನೀಲಿ ಅಥವಾ ನೀಲಿ-ಬಿಳಿ ಎಂದರೆ ಆ್ಯಂಪ್ಲಿಫೈಯರ್ ಅಥವಾ ಆಂಟೆನಾವನ್ನು ಎಬ್ಬಿಸುವ ವೈರು. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ಸ್ಪೀಕರಿನವು. ಉಳಿದದ್ದು ಕಿತ್ತಳೆ, ಅಥವಾ ಕಿತ್ತಳೆಯ ಮೇಲೆ ಬಿಳಿ ಗೆರೆ. ಇದೇ ಇಲ್ಯುಮಿನೇಷನ್ ವೈರು. ಪಾರ್ಕಿಂಗ್ ಲೈಟ್ ಹಾಕಿದಾಗ ಸ್ಟೀರಿಯೋಗೆ 'ರಾತ್ರಿಯಾಯಿತು, ಸ್ಕ್ರೀನ್ ಮಂದ ಮಾಡು' ಎಂದು ತಿಳಿಸುವುದಷ್ಟೇ ಇದರ ಕೆಲಸ. ಇದು ಇಲ್ಲದಿದ್ದರೂ ಸ್ಟೀರಿಯೋ ಹಾಡುತ್ತದೆ. ಆದರೂ ಡ್ಯಾಶ್ ಕತ್ತಲಾದ ಕಾರುಗಳಲ್ಲಿ ನಾನು ಮೊದಲು ಕೈ ಹಾಕುವುದು ಇದಕ್ಕೇ.

ಒಂದು ಎಚ್ಚರಿಕೆ. ಈ ಬಣ್ಣಗಳು ಸ್ಟೀರಿಯೋ ಕಡೆಯ ಗೊಂಚಲಿಗೆ ಮಾತ್ರ. ಕಾರಿನ ಕಂಪನಿ ವೈರುಗಳಿಗೆ ಇದೇ ಪದ್ಧತಿ ಅನ್ವಯಿಸುವುದಿಲ್ಲ. ಹೋಂಡಾದ ಹಲವು ಹಳೆಯ ಮಾಡೆಲ್‌ಗಳಲ್ಲಿ ಕೆಂಪು ವೈರು ಡ್ಯಾಶ್ ಬೆಳಕಿನದು. ಕೆಂಪಿಗೆ ಕೆಂಪು ಎಂದು ಜೋಡಿಸಿದರೆ ಎಡವಟ್ಟು ಗ್ಯಾರಂಟಿ.

ಏನೇನು ಬೇಕು

- ಡಿಜಿಟಲ್ ಮಲ್ಟಿಮೀಟರ್. ದುಬಾರಿಯದು ಬೇಡ, 20 ವೋಲ್ಟ್ ಡಿಸಿ ರೇಂಜೂ 'ಬೀಪ್' ಎನ್ನುವ ಕಂಟಿನ್ಯುಯಿಟಿಯೂ ಇದ್ದರೆ ಸಾಕು. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆ ಇದ್ದೇ ಇದೆ.
- ಬಲ್ಬ್ ಇರುವ ಹಳೇ ಮಾದರಿಯ ಟೆಸ್ಟ್ ಲ್ಯಾಂಪ್.
- ಬ್ಯಾಟರಿ ಟರ್ಮಿನಲ್ಲಿಗೆ 10 ನಂಬರ್ ಸ್ಪ್ಯಾನರ್ (ಹೆಚ್ಚಿನ ಕಾರುಗಳಿಗೆ ಇದೇ), ಸ್ಟಾರ್ ಸ್ಕ್ರೂಡ್ರೈವರ್, ಪ್ಲಾಸ್ಟಿಕ್ ಟ್ರಿಮ್ ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿ.
- ನಿಮ್ಮ ಕಾರಿನ ಅಳತೆಯ, ಅದೇ ಆಂಪಿಯರಿನ ನಾಲ್ಕೈದು ಫ್ಯೂಸ್.
- 21 ವಾಟಿನ ಬ್ರೇಕ್ ಅಥವಾ ಇಂಡಿಕೇಟರ್ ಬಲ್ಬ್, ಹೋಲ್ಡರ್ ಸಮೇತ. ಅದಕ್ಕೆ ಎರಡು ತುಂಡು ವೈರು, ತುದಿಗೆ ಫ್ಯೂಸಿನ ಕಾಲಿನಷ್ಟೇ ಅಗಲದ ಚಪ್ಪಟೆ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು). ಇದರ ಉಪಯೋಗ 3ನೇ ಹಂತದಲ್ಲಿ.
- ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಜಾಯಿಂಟನ್ನು ಬಿಗಿಯಾಗಿ ಮುಚ್ಚುವ ಕೊಳವೆ), ಒಳ್ಳೆಯ ಇನ್ಸುಲೇಷನ್ ಟೇಪ್.

ಕೈ ಹಾಕುವ ಮುನ್ನ

ಹಳದಿ ಹೊದಿಕೆಯ ಅಥವಾ ಹಳದಿ ಕಪ್ಲರ್ ಇರುವ ವೈರಿನ ತಂಟೆಗೆ ಹೋಗಬೇಡಿ. ಅದು ಏರ್‌ಬ್ಯಾಗಿನದು. ಅದಕ್ಕೆ ಟೆಸ್ಟ್ ಲ್ಯಾಂಪನ್ನಾಗಲಿ ಮಲ್ಟಿಮೀಟರನ್ನಾಗಲಿ ಮುಟ್ಟಿಸಬಾರದು. ಕಪ್ಲರ್ ಎಂದರೆ ವೈರಿನ ಗೊಂಚಲುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್. ಸ್ಟೀರಿಯೋದ ಹಳದಿ ವೈರು ಇದಲ್ಲ, ಗೊಂದಲ ಬೇಡ. ಏರ್‌ಬ್ಯಾಗಿನದು ಸಾಮಾನ್ಯವಾಗಿ ಹಳದಿ ಕೊಳವೆಯೊಳಗೆ ಪ್ರತ್ಯೇಕವಾಗಿ ಹೋಗುತ್ತದೆ.

ಏನನ್ನಾದರೂ ಬಿಚ್ಚುವ ಮುನ್ನ ಕೀ ತೆಗೆದು ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿ, ಕೆಲವು ನಿಮಿಷ ಕಾದು ಶುರು ಮಾಡಿ. ಅಳತೆ ತೆಗೆಯುವಾಗ ಮಾತ್ರ ಮತ್ತೆ ಜೋಡಿಸಿ. ಕಂಪನಿ ಸ್ಟೀರಿಯೋಗೆ ಸೆಕ್ಯುರಿಟಿ ಕೋಡ್ ಇದ್ದರೆ ಅದು ಕೈಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಮತ್ತೊಂದು ಮಾತು: ದೋಷ ಸಿಗುವವರೆಗೆ ರಾತ್ರಿ ಆ ಕಾರು ಓಡಿಸಬೇಡಿ. ಡ್ಯಾಶ್ ಬೆಳಕು ಹೋಗಿರುವುದು ನಿಮಗೆ ಕಾಣುತ್ತದೆ, ಟೇಲ್ ಲೈಟ್ ಹೋಗಿರುವುದು ಕಾಣುವುದು ಹಿಂದೆ ಬರುವ ಲಾರಿಯವನಿಗೆ ಮಾತ್ರ, ಅದೂ ತಡವಾಗಿ.

1ನೇ ಹಂತ: ಏನೇನು ಹೋಗಿದೆ ಎಂದು ಬರೆದುಕೊಳ್ಳಿ

ಸಂಜೆ ಹೊತ್ತು, ಅಥವಾ ಷೆಡ್ಡಿನೊಳಗೆ ಕಾರು ನಿಲ್ಲಿಸಿ ಪಾರ್ಕಿಂಗ್ ಲೈಟ್ ಹಾಕಿ. ಇಳಿದು ಒಂದು ಸುತ್ತು ಬನ್ನಿ. ಮುಂದಿನ ಪಾರ್ಕಿಂಗ್, ಹಿಂದಿನ ಟೇಲ್, ನಂಬರ್ ಪ್ಲೇಟ್, ಮೀಟರ್, ಎಸಿ ಪ್ಯಾನೆಲ್, ಸ್ವಿಚ್ಚುಗಳು, ರೂಮ್ ಲೈಟ್, ಎಲ್ಲವನ್ನೂ ನೋಡಿ. ಆಮೇಲೆ ಹೀಗೆ ಹೊಂದಿಸಿ:

ಡ್ಯಾಶ್ ಬೆಳಕಿನ ಜೊತೆ ಟೇಲ್ ಲೈಟು, ನಂಬರ್ ಪ್ಲೇಟ್ ಲೈಟು ಕೂಡ ಹೋಗಿದ್ದರೆ ಟೇಲ್ ಫ್ಯೂಸ್ ಹೋಗಿದೆ. 2ನೇ ಹಂತ. ಕೆಲವು ಕಾರುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಫ್ಯೂಸ್ ಇದ್ದು, ಡ್ಯಾಶ್ ಬೆಳಕು ಅದರಲ್ಲಿ ಒಂದರ ಜೊತೆ ಇರುತ್ತದೆ. ಹಾಗಾಗಿ ಒಂದೇ ಬದಿಯ ಟೇಲ್ ಲೈಟ್ ಹೋಗಿದ್ದರೂ ಇದೇ ಲೆಕ್ಕ.

ಟೇಲ್ ಲೈಟ್ ಸರಿಯಿದೆ, ಡ್ಯಾಶ್ ಬೆಳಕು ಪೂರ್ತಿ ಇಲ್ಲ ಎಂದರೆ ಡಿಮ್ಮರ್ (ಡ್ಯಾಶ್ ಬೆಳಕು ಹೆಚ್ಚು ಕಡಿಮೆ ಮಾಡುವ ಗುಂಡಿ) ಅಥವಾ ಡ್ಯಾಶ್ ಬೆಳಕಿಗೇ ಇರುವ ಪ್ರತ್ಯೇಕ ಫ್ಯೂಸ್. ಮೊದಲು ಡಿಮ್ಮರ್ ಗುಂಡಿ ತಿರುಗಿಸಿ ನೋಡಿ. ನಗಬೇಡಿ. ಟ್ರಿಮ್ ಬಿಚ್ಚುವಾಗ ಕೈ ತಾಗಿ ಅದು ಪೂರ್ತಿ ಕೆಳಗೆ ಹೋಗಿರುವುದು ಅಪರೂಪವೇನಲ್ಲ.

ಎಸಿ ಪ್ಯಾನೆಲ್ಲಿನದ್ದೋ ಹಜಾರ್ಡ್ ಸ್ವಿಚ್ಚಿನದ್ದೋ ಮಾತ್ರ ಇಲ್ಲ, ಮೀಟರ್ ಬೆಳಗುತ್ತಿದೆ ಎಂದರೆ ಆ ಭಾಗದ ಹಿಂದಿನ ಕಪ್ಲರ್ ಕೂತಿಲ್ಲ. ಟ್ರಿಮ್ ಎಬ್ಬಿಸಿ 'ಟಕ್' ಎನ್ನುವ ತನಕ ಒತ್ತಿ, ಕೆಲಸ ಮುಗಿಯಿತು.

ರೂಮ್ ಲೈಟು, ಗಡಿಯಾರ ಹೋಗಿವೆ, ಕಾರು ಆಫ್ ಮಾಡಿದಾಗಲೆಲ್ಲ ಸ್ಟೀರಿಯೋ ಸೆಟ್ಟಿಂಗ್ ಮರೆಯುತ್ತಿದೆ ಎಂದರೆ ದೋಷ ಇಲ್ಯುಮಿನೇಷನ್ನಿನದಲ್ಲ, ಹಳದಿ ವೈರಿನದು. ಡೋಮ್ ಅಥವಾ ರೂಮ್ ಎಂಬ ಹೆಸರಿನ ಫ್ಯೂಸ್ ನೋಡಿ. ಹುಡುಕುವ ಕ್ರಮ ಮುಂದೆ ಹೇಳುವುದೇ, ಕಿತ್ತಳೆ ವೈರಿನ ಬದಲು ಹಳದಿ ಎಂದು ಓದಿಕೊಳ್ಳಿ.

ಸ್ಟೀರಿಯೋ ಪಾರ್ಕಿಂಗ್ ಲೈಟ್ ಹಾಕಿದಾಗ ಮಾತ್ರ ಆನ್ ಆಗುತ್ತಿದೆಯೇ? ಕೆಂಪು ವೈರನ್ನು ಇಲ್ಯುಮಿನೇಷನ್ ಲೈನಿಗೆ ಕೊಟ್ಟಿದ್ದಾರೆ. ತೆಗೆದು ಸರಿಯಾದ ಕಡೆ ಹಾಕಿ.

ಇಂಡಿಕೇಟರ್ ಹಾಕಿದಾಗ ಡ್ಯಾಶ್ ಬೆಳಕೂ ಜೊತೆಗೆ ಮಿಟುಕುತ್ತದೆ, ಪೆಟ್ರೋಲ್ ಮುಳ್ಳು ಕುಣಿಯುತ್ತದೆ ಎಂದರೆ ಅರ್ತ್ ಸಡಿಲ. ನೇರ 6ನೇ ಹಂತಕ್ಕೆ ಹೋಗಿ.

2ನೇ ಹಂತ: ಫ್ಯೂಸ್

ಫ್ಯೂಸ್ ಬಾಕ್ಸ್ ಸಾಮಾನ್ಯವಾಗಿ ಎರಡು: ಸ್ಟೀರಿಂಗ್ ಕೆಳಗೆ ಬಲಗಾಲಿನ ಹತ್ತಿರ ಒಂದು, ಬಾನೆಟ್ ಒಳಗೆ ಒಂದು. ಮುಚ್ಚಳದ ಒಳಮೈಯಲ್ಲೋ ಕಾರಿನ ಕೈಪಿಡಿಯಲ್ಲೋ ನಕ್ಷೆ ಇರುತ್ತದೆ. ಟೇಲ್, ಇಲ್ಯುಮಿ, ಪ್ಯಾನೆಲ್, ಪಾರ್ಕ್ ಎಂಬ ಹೆಸರುಗಳನ್ನು ಹುಡುಕಿ.

ಫ್ಯೂಸನ್ನು ಬರೀ ಕಣ್ಣಿಂದ ನೋಡಿ ತೀರ್ಮಾನಿಸಬೇಡಿ. ಸರಿಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಕಾಣುವುದಿಲ್ಲ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಪುಟ್ಟ ಲೋಹದ ಚುಕ್ಕೆಗಳಿರುತ್ತವೆ. ಪಾರ್ಕಿಂಗ್ ಲೈಟ್ ಹಾಕಿ, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಣ್ಣವಿಲ್ಲದ ಬಾಡಿ ಬೋಲ್ಟಿಗೆ ಸಿಕ್ಕಿಸಿ, ಎರಡೂ ಚುಕ್ಕೆಗಳಿಗೆ ಮೊನೆ ಮುಟ್ಟಿಸಿ. ಎರಡರಲ್ಲೂ ಲ್ಯಾಂಪ್ ಹೊತ್ತಿದರೆ ಫ್ಯೂಸ್ ಚೆನ್ನಾಗಿದೆ. ಒಂದರಲ್ಲಿ ಮಾತ್ರ ಹೊತ್ತಿದರೆ ಫ್ಯೂಸ್ ಹೋಗಿದೆ. ಎರಡರಲ್ಲೂ ಇಲ್ಲವೆಂದರೆ ಫ್ಯೂಸಿಗೇ ಕರೆಂಟ್ ಬರುತ್ತಿಲ್ಲ. ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್ಚು), ಲೈಟ್ ಸ್ವಿಚ್ಚು, ಅಥವಾ ಬಾನೆಟ್ ಒಳಗಿನ ದೊಡ್ಡ ಫ್ಯೂಸ್ ನೋಡಬೇಕು.

ಹೋದ ಫ್ಯೂಸಿನ ಜಾಗಕ್ಕೆ ಅದೇ ಆಂಪಿಯರಿನದನ್ನೇ ಹಾಕಿ. 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. 'ಪದೇ ಪದೇ ಹೋಗ್ತಿದೆ, 20 ಹಾಕಿಬಿಡಿ' ಎಂದು ಯಾರಾದರೂ ಹೇಳಿದರೆ ಕಾರು ವಾಪಸ್ ತೆಗೆದುಕೊಂಡು ಬನ್ನಿ. ಲೆಕ್ಕ ನೋಡಿ: ಮುಂದೆ ಎರಡು, ಹಿಂದೆ ಎರಡು, ನಂಬರ್ ಪ್ಲೇಟಿಗೆ ಎರಡು, ತಲಾ 5 ವಾಟ್ ಎಂದರೂ 30 ವಾಟ್. 12 ವೋಲ್ಟಿನಲ್ಲಿ ಅದು ಎರಡೂವರೆ ಆಂಪಿಯರ್. ಡ್ಯಾಶ್‌ನ ಪುಟಾಣಿ ಬಲ್ಬ್‌ಗಳೆಲ್ಲ ಸೇರಿ ಇನ್ನೊಂದು ಆಂಪಿಯರ್. 10 ಆಂಪಿಯರಿನ ಫ್ಯೂಸ್ ಇಷ್ಟಕ್ಕೆ ಹೋಗುವುದೇ ಇಲ್ಲ. ಹೋಯಿತೆಂದರೆ ಎಲ್ಲೋ ವೈರು ನೇರ ಬಾಡಿಗೆ ತಾಗಿ ಶಾರ್ಟ್ ಆಗಿದೆ. ದೊಡ್ಡ ಫ್ಯೂಸ್ ಹಾಕಿದರೆ ಫ್ಯೂಸಿನ ಬದಲು ಡ್ಯಾಶ್ ಹಿಂದಿನ ತೆಳು ವೈರು ಬಿಸಿಯಾಗುತ್ತದೆ, ಅದರ ಜೊತೆಗೆ ಕಟ್ಟಿರುವ ಗೊಂಚಲೂ ಕರಗುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತುವವರ ಬಗ್ಗೆ ಹೇಳುವುದೇ ಬೇಡ.

ಹೊಸ ಫ್ಯೂಸ್ ಹಾಕಿದ ಮೇಲೆ ಎಲ್ಲ ಹೊತ್ತಿ, ಉಳಿದೂ ಬಿಟ್ಟರೆ? ಶಾರ್ಟ್ ಆಗಿದ್ದು ಕೆಲಸದ ಹೊತ್ತಿನಲ್ಲಿ ಎಂದು ಅರ್ಥ. ಇಲ್ಯುಮಿನೇಷನ್ ವೈರು ಪತ್ತೆ ಮಾಡಲು ಪಾರ್ಕಿಂಗ್ ಲೈಟ್ ಹಾಕಿಯೇ ಇಡುತ್ತಾರೆ, ಬ್ಯಾಟರಿ ಕಳಚಿರುವುದಿಲ್ಲ, ಸುಲಿದ ತುದಿ ಒಂದು ಕ್ಷಣ ಲೋಹದ ಫ್ರೇಮಿಗೆ ತಾಗಿರುತ್ತದೆ. ಅಷ್ಟೇ. ಆದರೂ 4ನೇ ಹಂತದ ಜಾಯಿಂಟ್ ತಪಾಸಣೆ ಬಿಡಬೇಡಿ.

3ನೇ ಹಂತ: ಫ್ಯೂಸ್ ಮತ್ತೆ ಹೋದರೆ, ಬಲ್ಬ್ ಹಾಕಿ ಹುಡುಕಿ

ಒಂದೊಂದೇ ಫ್ಯೂಸ್ ಸುಡುತ್ತಾ ಹುಡುಕುವುದು ದಂಡ. ಮೊದಲೇ ಮಾಡಿಟ್ಟುಕೊಂಡ 21 ವಾಟ್ ಬಲ್ಬನ್ನು ಈಗ ತನ್ನಿ. ಫ್ಯೂಸ್ ಕಿತ್ತು, ಆ ಎರಡು ಸೀಳಿಗೆ ಬಲ್ಬಿನ ಎರಡು ಲಗ್ ಸಿಕ್ಕಿಸಿ. ಈ ಬಲ್ಬ್ ಎರಡು ಆಂಪಿಯರಿಗಿಂತ ಕಡಿಮೆ ಕರೆಂಟನ್ನಷ್ಟೇ ಬಿಡುವುದರಿಂದ ಶಾರ್ಟ್ ಇದ್ದರೂ ವೈರಿಗೆ ಅಪಾಯವಿಲ್ಲ.

ಪಾರ್ಕಿಂಗ್ ಲೈಟ್ ಹಾಕಿ. ಬಲ್ಬ್ ಬ್ರೇಕ್ ಒತ್ತಿದಾಗಿನಷ್ಟೇ ಪ್ರಖರವಾಗಿ ಉರಿದು, ಟೇಲ್ ಲೈಟುಗಳು ಸ್ವಲ್ಪವೂ ಹೊತ್ತದಿದ್ದರೆ ಶಾರ್ಟ್ ಇನ್ನೂ ಇದೆ. ಬಲ್ಬ್ ಅದಕ್ಕಿಂತ ಮಂಕಾಗಿದ್ದು, ಟೇಲ್ ಲೈಟುಗಳೂ ಮಿಣ್ಣಗೆ ಹೊತ್ತಿದರೆ ಶಾರ್ಟ್ ಇಲ್ಲ. ಕರೆಂಟ್ ಬಲ್ಬಿನ ಮೂಲಕ ಹಾದು ಟೇಲ್ ಲೈಟಿಗೆ ಹೋಗುತ್ತಿದೆ, ಇಬ್ಬರೂ ಹಂಚಿಕೊಂಡಿದ್ದಾರೆ. ಈ ವ್ಯತ್ಯಾಸ ಗೊತ್ತಿಲ್ಲದೆ 'ಬಲ್ಬ್ ಹೊತ್ತಿತು, ಶಾರ್ಟ್ ಇದೆ' ಎಂದು ದಿನವಿಡೀ ಇಲ್ಲದ ಶಾರ್ಟ್ ಹುಡುಕುವವರಿದ್ದಾರೆ.

ಶಾರ್ಟ್ ಇದೆ ಎಂದಾದರೆ ಬಲ್ಬ್ ಉರಿಯುತ್ತಿರಲಿ. ಯಾರನ್ನಾದರೂ ಅದರ ಮುಂದೆ ಕೂರಿಸಿ. ನೀವು ಹೊಸದಾಗಿ ಹಾಕಿದ ವಸ್ತುವಿನ ಕಪ್ಲರ್ ಕಳಚಿ. ಬಲ್ಬ್ ಮಂಕಾಯಿತೇ? ದೋಷ ಆ ಉಪಕರಣದಲ್ಲಿ ಅಥವಾ ಅದರ ಗೊಂಚಲಿನಲ್ಲಿ. ಇಲ್ಲವೆಂದರೆ ಸ್ಟೀರಿಯೋ ಹಿಂದಿನ ವೈರುಗಳನ್ನು ಒಂದೊಂದಾಗಿ ಮೆಲ್ಲಗೆ ಅಲ್ಲಾಡಿಸುತ್ತಾ ಬನ್ನಿ. ಸರಿಯಾದ ವೈರು ಕೈಗೆ ಸಿಕ್ಕ ಕ್ಷಣ ಬಲ್ಬ್ ತಟ್ಟನೆ ಇಳಿದು ಹಿಂದಿನ ಟೇಲ್ ಲೈಟುಗಳು ಮಿಣ್ಣಗೆ ಏಳುತ್ತವೆ. ಈ ಬಲ್ಬ್ ಚೆನ್ನಾಗಿ ಬಿಸಿಯಾಗುತ್ತದೆ, ಸೀಟಿನ ಮೇಲೋ ಪ್ಲಾಸ್ಟಿಕ್ ಮೇಲೋ ಇಡಬೇಡಿ.

4ನೇ ಹಂತ: ಜಾಯಿಂಟುಗಳನ್ನು ನೋಡಿ

ಸ್ಟೀರಿಯೋ ಹೊರಗೆ ಎಳೆದು ಟಾರ್ಚ್ ಹಾಕಿ. ಹೆಚ್ಚಾಗಿ ಸಿಗುವ ದೋಷಗಳು ಇವು.

ಬಳಸದೆ ಬಿಟ್ಟ ಕಿತ್ತಳೆ ವೈರು. ಸ್ಟೀರಿಯೋ ಜೊತೆ ಬರುವ ಗೊಂಚಲಿನಲ್ಲಿ ತುದಿಗಳನ್ನು ಸುಲಿದೇ ಕೊಟ್ಟಿರುತ್ತಾರೆ. ಕಾರಿನ ಕಡೆಯ ವೈರಿಗೂ ಇದೇ ಗತಿ: ಹಳೇ ಸ್ಟೀರಿಯೋದ ಕಪ್ಲರ್ ಕತ್ತರಿಸಿ, ಬೇಕಾದದ್ದನ್ನು ಸೇರಿಸಿ, ಇಲ್ಯುಮಿನೇಷನ್ ವೈರಿನ ತುದಿಯನ್ನು ಹಾಗೇ ಬಿಟ್ಟಿರುತ್ತಾರೆ. ಅದು ಹೋಗಿ ಸ್ಟೀರಿಯೋದ ಲೋಹದ ಮೈಗೆ ತಾಗುತ್ತದೆ, ಆ ಮೈ ಅರ್ತ್‌ಗೆ ಸೇರಿದ್ದು. ಕಾರು ಕಡೆಯ ತುದಿಯೇ ಹೆಚ್ಚು ಅಪಾಯಕಾರಿ, ಕರೆಂಟ್ ಇರುವುದು ಅದರಲ್ಲಿ.

ಸ್ಟೀರಿಯೋ ತಳ್ಳುವಾಗ ಲೋಹದ ಚೌಕಟ್ಟಿನ ಅಂಚಿಗೆ, ಇಲ್ಲವೇ ಹಿಂದಿನ ಬೋಲ್ಟಿಗೆ ಸಿಕ್ಕಿ ಜಜ್ಜಿದ ವೈರು. ಹೊರಗಿನಿಂದ ಬರೀ ಒಂದು ಗೀರಿನಂತೆ ಕಾಣುತ್ತದೆ. ಗೀರನ್ನು ಮಡಚಿ ನೋಡಿ, ಒಳಗಿನ ತಾಮ್ರ ಮಿಂಚುತ್ತದೆ. ಸ್ಪೀಡ್ ಬ್ರೇಕರ್ ಹತ್ತಿದಾಗ ಮಾತ್ರ ಫ್ಯೂಸ್ ಹೋಗುವ ಕಾರುಗಳಲ್ಲಿ ಇದೇ ಮೊದಲ ಶಂಕಿತ.

ಬಿಚ್ಚಿಕೊಂಡ ಟೇಪು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್ ಹಿಂದೆ ಅಗ್ಗದ ಟೇಪಿನ ಅಂಟು ಕರಗಿ ಜಾರುತ್ತದೆ. ಎರಡು ವೈರು ಹೊಸೆದು ಟೇಪ್ ಸುತ್ತಿದ್ದರೆ ಅದನ್ನು ಬಿಚ್ಚಿ ಸರಿ ಮಾಡಿ: ಕ್ರಿಂಪ್ (ಲೋಹದ ತೋಳಿನೊಳಗಿಟ್ಟು ಒತ್ತಿ ಸೇರಿಸುವುದು) ಅಥವಾ ಬೆಸುಗೆ, ಅದರ ಮೇಲೆ ಹೀಟ್ ಶ್ರಿಂಕ್. ಹೀಟ್ ಶ್ರಿಂಕನ್ನು ವೈರು ಸೇರಿಸುವ ಮುಂಚೆಯೇ ಒಂದು ಬದಿಗೆ ತೂರಿಸಿಡಿ. ಬೆಸುಗೆ ಮುಗಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ನನ್ನ ಸಲಹೆ ಕೇಳಿದರೆ, ಸ್ಟೀರಿಯೋ ಸ್ಕ್ರೀನ್ ಮಂದ ಮಾಡಲು ಮೆನುವಿನಲ್ಲೇ ಸೌಲಭ್ಯವಿದ್ದರೆ ಕಿತ್ತಳೆ ವೈರನ್ನು ಜೋಡಿಸುವ ಗೊಡವೆಯೇ ಬೇಡ. ಎರಡೂ ಕಡೆಯ ತುದಿಗಳನ್ನು ಬೇರೆ ಬೇರೆಯಾಗಿ ಮುಚ್ಚಿಬಿಡಿ. ಆ ವೈರಿನಿಂದ ಕಾಲಡಿಯ ಎಲ್‌ಇಡಿ ಪಟ್ಟಿಗೋ ಆ್ಯಂಪ್ಲಿಫೈಯರಿಗೋ ಕರೆಂಟ್ ಎಳೆಯುವುದಂತೂ ಬೇಡವೇ ಬೇಡ.

5ನೇ ಹಂತ: ಟೇಲ್ ಲೈಟ್ ಸರಿ, ಡ್ಯಾಶ್ ಮಾತ್ರ ಕತ್ತಲೆ: ಡಿಮ್ಮರ್ ಪರೀಕ್ಷೆ

ಡಿಮ್ಮರ್ ಎಂದರೆ ಡ್ಯಾಶ್ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಗುಂಡಿ. ಇದನ್ನು ಎರಡು ರೀತಿಯಲ್ಲಿ ಹಾಕುತ್ತಾರೆ. ಕೆಲವು ಕಾರುಗಳಲ್ಲಿ ಬಲ್ಬಿಗೆ ಹೋಗುವ ಪ್ಲಸ್ ದಾರಿಯಲ್ಲಿ. ಟೊಯೋಟಾ, ಹೋಂಡಾ ಮುಂತಾದ ಹಲವು ಜಪಾನಿ ಕಾರುಗಳಲ್ಲಿ ಬಲ್ಬಿನಿಂದ ಅರ್ತ್‌ಗೆ ಹೋಗುವ ದಾರಿಯಲ್ಲಿ. ಎರಡನೇ ಬಗೆಯಲ್ಲಿ ಸ್ಟೀರಿಯೋ ಕಪ್ಲರಿಗೆ ಇಲ್ಯುಮಿನೇಷನ್ನಿನ ಎರಡು ವೈರು ಬರುತ್ತವೆ: ಪ್ಲಸ್ ಒಂದು, ಡಿಮ್ಮರಿಗೆ ಹೋಗುವ ಮೈನಸ್ ಒಂದು. ಗೊತ್ತಿಲ್ಲದವರು ಆ ಮೈನಸ್ಸನ್ನು 'ಅರ್ತ್ ಇರಬೇಕು' ಎಂದು ಸ್ಟೀರಿಯೋದ ಕಪ್ಪು ವೈರಿಗೆ ಕೊಡುತ್ತಾರೆ. ಆಗ ಸ್ಟೀರಿಯೋ ಎಳೆಯುವ ಕರೆಂಟೆಲ್ಲ ಪುಟ್ಟ ಡಿಮ್ಮರಿನ ಮೂಲಕ ಹಾಯಬೇಕು, ಅದು ತಡೆಯುವುದಿಲ್ಲ. ಇನ್ನೂ ಕೆಟ್ಟದ್ದು, ಆ ವೈರಿಗೆ 12 ವೋಲ್ಟ್ ತಾಗಿಸುವುದು. ಡಿಮ್ಮರ್ ಆಗಲೇ ಹೋಗುತ್ತದೆ.

ಪರೀಕ್ಷೆ ಹೀಗೆ. ಮಲ್ಟಿಮೀಟರ್ 20 ವೋಲ್ಟ್ ಡಿಸಿಯಲ್ಲಿರಲಿ, ಕಪ್ಪು ಕಡ್ಡಿ ಬಾಡಿಗೆ. ಪಾರ್ಕಿಂಗ್ ಲೈಟ್ ಹಾಕಿ, ಕತ್ತಲಾಗಿರುವ ಯಾವುದಾದರೂ ಸ್ವಿಚ್ಚಿನ ಕಪ್ಲರಿಗೆ, ಅದು ಜೋಡಿಸಿಯೇ ಇರುವಾಗ, ಹಿಂದಿನಿಂದ ಕೆಂಪು ಕಡ್ಡಿ ಮುಟ್ಟಿಸಿ. ಬಲ್ಬಿನ ಪ್ಲಸ್ ವೈರಿನಲ್ಲಿ 12 ವೋಲ್ಟಿನ ಆಸುಪಾಸು ಬರಬೇಕು. ಬರದಿದ್ದರೆ ಫ್ಯೂಸಿನಿಂದ ಇಲ್ಲಿಯವರೆಗಿನ ದಾರಿ ಕಡಿದಿದೆ, ಅಥವಾ ನಿಮ್ಮದು ಪ್ಲಸ್ ದಾರಿಯ ಡಿಮ್ಮರ್ ಆಗಿದ್ದು ಅದೇ ಹೋಗಿದೆ. ಬಂದರೆ ಮೈನಸ್ ವೈರನ್ನು ಅಳೆಯಿರಿ. ಡಿಮ್ಮರ್ ಚೆನ್ನಾಗಿದ್ದು ಗುಂಡಿ ಪೂರ್ತಿ ಮೇಲಿದ್ದರೆ ಇದು ಸೊನ್ನೆಗೆ ಹತ್ತಿರ, ಗುಂಡಿ ಇಳಿಸಿದಂತೆ ವೋಲ್ಟ್ ಏರುತ್ತಾ ಹೋಗುತ್ತದೆ. ಗುಂಡಿ ಎತ್ತ ತಿರುಗಿಸಿದರೂ ಮೈನಸ್ ವೈರಿನಲ್ಲೂ 12 ವೋಲ್ಟ್ ಕಂಡರೆ ಕರೆಂಟ್ ಬಲ್ಬ್ ದಾಟಿ ಬಂದು ಮುಂದೆ ದಾರಿಯಿಲ್ಲದೆ ನಿಂತಿದೆ. ಡಿಮ್ಮರ್ ಸುಟ್ಟಿದೆ, ಅದರ ಕಪ್ಲರ್ ಕೂತಿಲ್ಲ, ಇಲ್ಲವೇ ಅದರ ಅರ್ತ್ ಹೋಗಿದೆ.

ಡಿಮ್ಮರಿನ ಅರ್ತ್ ಸರಿಯಿದ್ದು ಹೊಸ ಡಿಮ್ಮರ್ ಸಿಗುವುದು ತಡವಾದರೆ, ಈ ಮೈನಸ್ ವೈರನ್ನು 3 ಆಂಪಿಯರ್ ಫ್ಯೂಸ್ ಇಟ್ಟು ಕಾರಿನ ಬಾಡಿಗೆ ಜೋಡಿಸಬಹುದು. ಬೆಳಕು ಪೂರ್ತಿ ಇರುತ್ತದೆ, ಮಂದ ಮಾಡಲು ಆಗುವುದಿಲ್ಲ ಅಷ್ಟೇ. ಆದರೆ ಅದು ಮೈನಸ್ ವೈರೇ ಎಂದು ಎರಡು ಸಲ ಖಾತ್ರಿ ಮಾಡಿಕೊಳ್ಳಿ. ಪ್ಲಸ್ಸನ್ನು ಕಾರಿನ ಬಾಡಿಗೆ ಜೋಡಿಸಿದರೆ ವಾಪಸ್ 2ನೇ ಹಂತ.

ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ, ಆದರೆ ಬಲ್ಬ್ ಹೊತ್ತುವುದಿಲ್ಲ ಎಂಬ ಗೊಂದಲವೂ ಬರುತ್ತದೆ. ಮಲ್ಟಿಮೀಟರ್ ಎಳೆಯುವ ಕರೆಂಟ್ ಅತ್ಯಲ್ಪ, ಹಾಗಾಗಿ ಒಂದೇ ಎಳೆ ಉಳಿದಿರುವ ವೈರು ಕೂಡ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಅದೇ ಜಾಗಕ್ಕೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಲ್ಯಾಂಪ್ ಮಂಕಾದರೆ ವೈರು ಒಳಗೇ ಕಡಿದಿದೆ.

6ನೇ ಹಂತ: ಅರ್ತ್

ಸ್ಟೀರಿಯೋ ಅರ್ತ್‌ಗೆಂದು ಡ್ಯಾಶ್ ಹಿಂದಿನ ಬೋಲ್ಟ್ ಬಿಚ್ಚಿ ತಮ್ಮ ವೈರು ಸಿಕ್ಕಿಸಿ ಅರೆಬರೆ ಬಿಗಿದು ಹೋಗಿರುತ್ತಾರೆ. ಆ ಬೋಲ್ಟಿನಲ್ಲಿ ಕಂಪನಿಯ ಅರ್ತ್ ವೈರುಗಳೂ ಇರುತ್ತವೆ. ಲೈಟುಗಳೆಲ್ಲ ಹಾಕಿ, ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಆ ಅರ್ತ್ ವೈರಿನ ಲಗ್ಗಿಗೆ, ಕಪ್ಪನ್ನು ಉದ್ದ ವೈರಿನ ಮೂಲಕ ಬ್ಯಾಟರಿ ಮೈನಸ್ಸಿಗೆ ಹಿಡಿಯಿರಿ. 0.2 ವೋಲ್ಟಿಗಿಂತ ಕಡಿಮೆ ಇರಬೇಕು. ಅರ್ಧ, ಒಂದು ವೋಲ್ಟ್ ಬಂದರೆ ಬೋಲ್ಟ್ ಬಿಚ್ಚಿ, ತುಕ್ಕು, ಬಣ್ಣ ಎರಡನ್ನೂ ಕೆರೆದು, ಬಿಗಿಯಾಗಿ ಕೂರಿಸಿ. ಕರಾವಳಿ, ಮಲೆನಾಡಿನ ಕಾರುಗಳಲ್ಲಿ ಈ ಕೆರೆಯುವ ಕೆಲಸ ಹೇಗಿದ್ದರೂ ಮಾಡಿಬಿಡಿ.

7ನೇ ಹಂತ: ಈಗ ಬಲ್ಬ್

ಸಪ್ಲೈ, ಅರ್ತ್ ಎರಡೂ ಸರಿಯಿದ್ದು ಒಂದು ಮೂಲೆ ಮಾತ್ರ ಕತ್ತಲಿದ್ದರೆ ಬಲ್ಬ್ ನೋಡಿ. ಎಲ್‌ಇಡಿ ಹಾಕಿಸಿದ್ದರೆ ಅದನ್ನು ಕಿತ್ತು ತಿರುಗಿಸಿ ಹಾಕಿ. ಹಳೆಯ ಬಲ್ಬಿಗೆ ಪ್ಲಸ್ ಮೈನಸ್ ಭೇದವಿಲ್ಲ, ಹೆಚ್ಚಿನ ಎಲ್‌ಇಡಿಗೆ ಇದೆ.

ಹೊಸ ಕಾರುಗಳಿಗೆ

ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪೆಟ್ಟಿಗೆ ಲೈಟುಗಳನ್ನು ನಡೆಸುವ ಕಾರುಗಳಲ್ಲಿ ಮೇಲಿನ ಎಷ್ಟೋ ಹಂತಗಳು ಅನ್ವಯಿಸುವುದಿಲ್ಲ. ಅಲ್ಲಿ ಬೆಳಕಿನ ಆಜ್ಞೆ ಎರಡು ಹೊಸೆದ ವೈರಿನ ಡೇಟಾ ಲೈನಿನಲ್ಲಿ ಹೋಗಬಹುದು, ಸ್ಟೀರಿಯೋ ಹಿಂದೆ ಇಲ್ಯುಮಿನೇಷನ್ ವೈರು ಇಲ್ಲದೆಯೂ ಇರಬಹುದು. ಮಂದ ಮಾಡುವುದೂ ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡುವ ಮೂಲಕ. ಅದನ್ನು ಅಳೆದರೆ ಮಲ್ಟಿಮೀಟರ್ 5, 7 ಎಂಬಂಥ ನಡುವಿನ ಅಂಕಿ ತೋರಿಸುತ್ತದೆ, ದೋಷ ಅಲ್ಲ. ಬಲ್ಬ್ ಇರುವ ಟೆಸ್ಟ್ ಲ್ಯಾಂಪನ್ನೂ 21 ವಾಟ್ ಬಲ್ಬನ್ನೂ ಇಂಥ ಕಾರಿನ ವೈರುಗಳಿಗೆ ಮುಟ್ಟಿಸಬೇಡಿ. ಅದು ಎಳೆಯುವ ಕರೆಂಟಿಗೆ ಮಾಡ್ಯೂಲ್ ಹಾಳಾಗಬಹುದು. ಫ್ಯೂಸ್ ನೋಡಿ, ಕಪ್ಲರ್ ಒತ್ತಿ, ಹೊಸದಾಗಿ ಹಾಕಿದ್ದನ್ನು ಕಳಚಿ ಕಾರನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ. ಶಾರ್ಟ್ ಕಂಡಾಗ ತಾನೇ ಬಾಗಿಲು ಹಾಕಿಕೊಂಡು, ಶಾರ್ಟ್ ಹೋದ ಮೇಲೆ ಮತ್ತೆ ಸರಿಯಾಗುವ ಮಾಡ್ಯೂಲುಗಳಿವೆ. ಅಷ್ಟಕ್ಕೂ ಬೆಳಕು ಬರದಿದ್ದರೆ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದೋಷ ಓದುವ ಉಪಕರಣ) ಇರುವವರ ಬಳಿಗೆ ಹೋಗಿ. ವಾರಂಟಿ ಇರುವ ಕಾರಾದರೆ ಕಂಪನಿ ವೈರನ್ನು ಕತ್ತರಿಸದೆ, ನಿಮ್ಮ ಮಾಡೆಲ್ಲಿಗೆಂದೇ ಸಿಗುವ ಕಪ್ಲರ್ ಗೊಂಚಲಿನಿಂದಲೇ ಕೆಲಸ ಮಾಡಿಸಿ.

ಎಲೆಕ್ಟ್ರಿಷಿಯನ್ ಬಳಿಗೆ ಹೋಗುವುದಾದರೆ

'ಲೈಟ್ ಬರ್ತಿಲ್ಲ' ಎಂದಷ್ಟೇ ಹೇಳಬೇಡಿ. 1ನೇ ಹಂತದಲ್ಲಿ ಬರೆದುಕೊಂಡದ್ದನ್ನು ತೋರಿಸಿ: ಯಾವುದು ಹೊತ್ತುತ್ತದೆ, ಯಾವುದು ಇಲ್ಲ, ಯಾವ ಫ್ಯೂಸ್ ಹೋಯಿತು, ಬದಲಿಸಿದ ಮೇಲೆ ಎಷ್ಟು ಹೊತ್ತು ನಿಂತಿತು. ಕೆಲಸ ಮುಗಿದಾಗ ಯಾವ ಜಾಯಿಂಟ್ ಸರಿ ಮಾಡಿದರು ಎಂದು ಕಣ್ಣಾರೆ ನೋಡಿ, ಡ್ಯಾಶ್ ಮುಚ್ಚುವ ಮುನ್ನವೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದು ಟೇಲ್ ಫ್ಯೂಸಿನ ಬಣ್ಣವನ್ನು ನಕ್ಷೆಗೆ ಹೋಲಿಸಿ. 10 ಇರಬೇಕಾದ ಕಡೆ ಹಸಿರು ಫ್ಯೂಸ್ ಕಂಡರೆ ಹಣ ಕೊಡುವ ಮುನ್ನ ಅಲ್ಲೇ ಬದಲಿಸಲು ಹೇಳಿ.